ಬನಿಯನ್ ಬಿಚ್ಚದ ಅಳಿಯನಿಗೆ

ಪ್ರೀತಿಯ ಪುಟ್ಟಾ,

ಹಬ್ಬಕ್ಕೆ ಬಂದಾಗ ಹುಡುಗರೆಲ್ಲ ತೋಟದ ಬಾವಿಗೆ ಹಾರಿದರು. ನೀನು ಮಾತ್ರ ಬನಿಯನ್ ಬಿಚ್ಚದೆ ಮೆಟ್ಟಿಲ ಮೇಲೆ ಕೂತೆ. ನೆಗಡಿ ಅಂದೆ. ನಾನು ಏನೂ ಕೇಳಲಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಕೂತಿದ್ದವನು. ಎದೆ ಸ್ವಲ್ಪ ಉಬ್ಬಿತ್ತು. ಜೊತೆಯ ಹುಡುಗರು ಆಡಿಕೊಂಡಿದ್ದರು. ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಿನ್ನದೂ ಅದೇ ಆಗಿದ್ದರೆ ಕೇಳು. ಹರೆಯಕ್ಕೆ ಬರುವ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೀಗಾಗುತ್ತದೆ. ಗಂಡಸರ ಮೈಯಲ್ಲೂ ಈಸ್ಟ್ರೊಜನ್ ಅನ್ನುವ ಹೆಣ್ಣು ಹಾರ್ಮೋನು ಸ್ವಲ್ಪ ಇರುತ್ತದೆ. ಹಾರ್ಮೋನುಗಳು ಒಂದು ಹದಕ್ಕೆ ಬರುವ ತನಕ ಮೊಲೆತೊಟ್ಟಿನ ಹಿಂದೆ ಸಣ್ಣ ಗಂಟು, ಮುಟ್ಟಿದರೆ ನೋವು. ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಜಾಸ್ತಿ ಆದರೆ ಹೇಳು, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಜಿಮ್ಮಿನಲ್ಲಿ ಯಾರಾದರೂ ಮೈಕಟ್ಟು ಬೇಗ ಬರುತ್ತದೆ ಅಂತ ಸ್ಟೀರಾಯ್ಡ್ ಔಷಧಿ ಕೊಡಲು ಬಂದರೆ ಮುಟ್ಟಬೇಡ. ಅದರಿಂದಲೇ ಎದೆ ಉಬ್ಬುವುದುಂಟು. ಬೆಳೆಯುವ ವಯಸ್ಸಿನಲ್ಲಿ ತೆಗೆದುಕೊಂಡರೆ ಎತ್ತರವೂ ಅಲ್ಲಿಗೇ ನಿಂತುಹೋಗಬಹುದು.

ನಿನ್ನ ಅಕ್ಕನ ಕಷ್ಟ ಬೇರೆ. ಹೆಣ್ಣುಮಕ್ಕಳು ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಎತ್ತರ ಆಗಿಬಿಡುತ್ತಾರೆ. ಸೊಂಟ, ತೊಡೆಯಲ್ಲಿ ಕೊಬ್ಬು ಕೂರುತ್ತದೆ. ಅದು ಆಗಲೇಬೇಕಾದ್ದು. ಆದರೆ ನಾವು ಅವಳಿಗೆ ಹೇಳುತ್ತಾ ಬಂದದ್ದು ತೆಳ್ಳಗಿರು ಅಂತ. ನಿನಗೆ ಹೇಳಿದ್ದು ಗಟ್ಟಿಮುಟ್ಟಾಗು ಅಂತ. ಅವಳ ಮೈ ಅದರ ಪಾಡಿಗೆ ತುಂಬಿಕೊಂಡಿತು. ನಿನ್ನದು ಇನ್ನೂ ತುಂಬಬೇಕು. ಇಬ್ಬರಿಗೂ ತಮ್ಮ ಮೈಯೇ ಬೇಡವಾಯಿತು. ಅವಳು 'ದಪ್ಪ ಆಗಿದೀನಿ' ಅಂತ ಕನ್ನಡಿ ಮುಂದೆ ಅಳುತ್ತಾಳೆ, ಮನೆಯವರಿಗೆಲ್ಲ ಗೊತ್ತಾಗುತ್ತದೆ. ನೀನು ಸುಮ್ನೆ ಕೂರುತ್ತೀಯ. ಗಂಡುಹುಡುಗರಿಗೆ ಇದೆಲ್ಲ ಇರಲ್ಲ ಅಂತ ನಾವು ದೊಡ್ಡವರು ಅಂದುಕೊಂಡಿದ್ದೇ ತಪ್ಪು.

ಅವಳು ರಾತ್ರಿ ಊಟ ಬಿಡುತ್ತಿರುವುದು ನೋಡಿ ನನಗೆ ಹೆದರಿಕೆ ಆಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇತ್ತು. ಹುಡುಗರಲ್ಲಿ 31. ತಿಂಗಳು ತಿಂಗಳು ರಕ್ತ ಹೋಗುವ ಮೈಗೆ ಊಟವೂ ಇಲ್ಲ ಅಂದರೆ ಹೇಗೆ, ಹೇಳು? ಅವಳನ್ನು 'ಡುಮ್ಮಿ' ಅಂತ ಕರೆಯುವುದನ್ನು ಇವತ್ತೇ ಬಿಡು. ನಿನಗೆ ಅದು ತಮಾಷೆ. ನಿನ್ನನ್ನು ಆಡಿಕೊಂಡವರಿಗೂ ತಮಾಷೆಯೇ ಆಗಿತ್ತು, ಅಲ್ವಾ? ರಾತ್ರಿ ಅವಳ ಪಕ್ಕದಲ್ಲೇ ಊಟಕ್ಕೆ ಕೂತುಕೋ.

ದಸರಾ ರಜೆಗೆ ಬಾ. ಬೆಳಗ್ಗೆ ಯಾರೂ ಏಳುವ ಮೊದಲೇ ನಾವಿಬ್ಬರೇ ಬಾವಿಗೆ ಹೋಗೋಣ. ಬನಿಯನ್ ಹಾಕಿಕೊಂಡೇ ಈಜು, ಪರವಾಗಿಲ್ಲ.

ನಿನ್ನ ಮಾವ