ಮೊದಲು ನೀರು, ಆಮೇಲೆ ಹೂವು

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಮ್ಮ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಈ ಕಾಗದ. "ತೋಟದ ಡಿಸೈನ್ ಕಲೀತಿದ್ದೀನಿ ಅಂತೀಯ, ಕಳಿಸೋ ಫೋಟೋದಲ್ಲೆಲ್ಲ ಬರೀ ಗುಂಡಿ. ಹೂವೆಲ್ಲಿ?" ಅಂದೆ ನೀನು. ಹೂವು ಕೊನೆಗೆ ಬರುತ್ತದೆ ಅಮ್ಮ. ಅದಕ್ಕೂ ಮೊದಲು ನೀರಿನ ಲೆಕ್ಕ ಮುಗಿಯಬೇಕು.

ಸಂಜೆ ಕ್ಲಾಸಿನಲ್ಲಿ ನಕ್ಷೆ ಬಿಡಿಸುವುದು, ಅಳತೆ ಹಾಕುವುದು, ಗಿಡಗಳ ಹೆಸರು ಎಲ್ಲ ಹೇಳಿಕೊಡುತ್ತಾರೆ. ಅದೂ ಬೇಕು. ಆದರೆ ವಿದ್ಯೆ ಕೈಗೆ ಹತ್ತುವುದು ಶನಿವಾರ, ಭಾನುವಾರ, ಯಾರದಾದರೂ ಹಿತ್ತಲಲ್ಲಿ. ಹೊಸ ಹಿತ್ತಲು ಸಿಕ್ಕಿದರೆ ನಮ್ಮ ಮೇಡಂ ಮೊದಲು ಟೇಪು ಹಿಡಿಯುವುದಿಲ್ಲ. ಮಳೆ ಬರುವ ದಿನ ಕಾಯುತ್ತಾರೆ. ನಾವು ರೇನ್‌ಕೋಟ್ ಹಾಕಿಕೊಂಡು, ಪೆನ್ಸಿಲ್ ಹಿಡಿದು ಮನೆ ಸುತ್ತ ಓಡಾಡಬೇಕು. ಮಾಡಿನ ನೀರು ಯಾವ ಪೈಪಿನಿಂದ ಇಳಿಯುತ್ತದೆ, ಎಲ್ಲಿ ಮಣ್ಣು ಕೊರೆಯುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಪಕ್ಕದ ಮನೆಯಿಂದ ಎಷ್ಟು ನುಗ್ಗುತ್ತಿದೆ, ಎಲ್ಲಕ್ಕೂ ಕಾಗದದ ಮೇಲೆ ಒಂದೊಂದು ಬಾಣ. ಬಿಸಿಲಲ್ಲಿ ಸಪಾಟಾಗಿ ಕಾಣುವ ನೆಲ ಮಳೆಯಲ್ಲಿ ತನ್ನ ಇಳಿಜಾರನ್ನೆಲ್ಲ ತಾನೇ ತೋರಿಸಿಬಿಡುತ್ತದೆ.

ಅಪ್ಪ, ಇಲ್ಲಿಂದ ಮುಂದೆ ಜಾಸ್ತಿ ನಿಮಗೆ. ಓವರ್‌ಸಿಯರ್ ಆಗಿ ನೀವು ಸರ್ವಿಸ್ ಪೂರ್ತಿ ಮಾಡಿದ್ದು ನೀರನ್ನು ಆದಷ್ಟು ಬೇಗ ಮೋರಿಗೆ ಸೇರಿಸುವ ಕೆಲಸ. ನಾವು ಇಲ್ಲಿ ಕಲಿಯುತ್ತಿರುವುದು ಅದರ ಉಲ್ಟಾ. ಓಡುವ ನೀರನ್ನು ನಡೆಸಬೇಕು, ನಡೆಯುವುದನ್ನು ನಿಲ್ಲಿಸಬೇಕು, ನಿಂತದ್ದನ್ನು ಇಂಗಿಸಬೇಕು. ನೀವು ತಕ್ಷಣ "ಪಾಯಕ್ಕೆ ನೀರು ಹೋದರೆ?" ಅಂತೀರಿ, ಗೊತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಅಮೆರಿಕದ ಹಳೆಯ ಊರುಗಳಲ್ಲಿ ಕಕ್ಕಸಿನ ನೀರು, ಮಳೆ ನೀರು ಎರಡಕ್ಕೂ ಒಂದೇ ಪೈಪು. ಇಂಥ ಊರುಗಳು ಸುಮಾರು 700 ಇವೆ. ಜೋರು ಮಳೆ ಬಂದರೆ ಪೈಪು ತುಂಬಿ, ಎಲ್ಲ ಬೆರೆತು ಸೀದಾ ನದಿಗೆ ಹೋಗುತ್ತದೆ. ಫಿಲಡೆಲ್ಫಿಯಾ ನಗರ 2011ರಲ್ಲಿ ಇದಕ್ಕಾಗಿ 25 ವರ್ಷದ ಯೋಜನೆ ಹಾಕಿಕೊಂಡಿತು. ನೆಲದಡಿ ದೊಡ್ಡ ಸುರಂಗ ಕೊರೆಯುವುದನ್ನೇ ನಂಬಿ ಕೂರದೆ, ಬೀದಿ ಬದಿಯ ಗಿಡದ ಪಾತಿ, ಮಳೆ ತೋಟ, ನೀರು ಹೀರುವ ನೆಲಗಟ್ಟು ಇವುಗಳ ಮೇಲೆ ದುಡ್ಡು ಹಾಕುವುದು ಅದರ ಮುಖ್ಯ ದಾರಿ. ಮನೆಮನೆಗೆ ಮಳೆ ತೋಟ ಮಾಡಿ ನೋಡಿದ್ದು ಅದಕ್ಕೂ ಹಿಂದೆ, 1990ರ ದಶಕದಲ್ಲಿ, ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಒಂದು ಬಡಾವಣೆಯಲ್ಲಿ. ಮಳೆ ತೋಟ ಅಂದರೆ ಮತ್ತೇನಲ್ಲ, ಗಿಡ ನೆಟ್ಟ ತಗ್ಗು. ಮಾಡಿನ ನೀರು ಅಲ್ಲಿ ಬಂದು ಸ್ವಲ್ಪ ಹೊತ್ತು ನಿಂತು ಇಂಗುತ್ತದೆ.

ಈಗ ಕೈಯಲ್ಲಿರುವುದು ವಯಸ್ಸಾದ ದಂಪತಿಯ ಹಿತ್ತಲು, ಅಲ್ಲೊಂದು ಮಳೆ ತೋಟ ಮಾಡುತ್ತಿದ್ದೇವೆ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು, ಇಡೀ ದೇಶಕ್ಕೆ ಇದೊಂದೇ ನಂಬರ್. ಆ ನಂಬರಿನ ಕಡೆಯವರು ಬಂದು ಗ್ಯಾಸಿನ ಪೈಪು, ಕರೆಂಟಿನ ಕೇಬಲ್ ಎಲ್ಲೆಲ್ಲಿವೆ ಅಂತ ನೆಲದ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಹೋಗುತ್ತಾರೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ.

ಆಮೇಲೆ ಮಣ್ಣು. ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ನಾದಿ, ಹೆಬ್ಬೆರಳು ತೋರುಬೆರಳ ಮಧ್ಯೆ ಪಟ್ಟಿಯಂತೆ ಒತ್ತುತ್ತಾ ಹೋಗಬೇಕು. ಒಂದಿಂಚು ಆಗುವ ಮೊದಲೇ ಮುರಿದು ಬಿದ್ದರೆ ಜೇಡಿ ಕಮ್ಮಿ. ಎರಡಿಂಚು ಜೋತಾಡಿದರೆ ಜೇಡಿ ಜಾಸ್ತಿ. ಇಲ್ಲಿ ಎರಡರ ಮಧ್ಯೆ ನಿಂತಿತು. ಬೆರಳಿಗೆ ಮೆತ್ತಿಕೊಂಡ ಮಣ್ಣು ಮಾತ್ರ ಉಜ್ಜಿದಷ್ಟೂ ನುಣುಪು, ಮರಳಿನ ಕಣ ಸಿಗುವುದೇ ಅಪರೂಪ. ಅಲ್ಲಿಗೇ ತೀರ್ಮಾನ ಮಾಡುವಂತಿಲ್ಲ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಕೋಲು ನೆಟ್ಟು ಗಂಟೆಗೆ ಎಷ್ಟು ಇಳಿಯಿತು ಅಂತ ಗುರುತು ಹಾಕಬೇಕು. ಎರಡನೇ ಸಲದ್ದೇ ನಿಜವಾದ ಲೆಕ್ಕ, ಮೊದಲ ಸಲ ಒಣ ಮಣ್ಣು ಸುಮ್ನೆ ಹೀರಿಬಿಡುತ್ತದೆ. ಗಂಟೆಗೆ ಅರ್ಧ ಇಂಚು ಇಳಿದರೆ ಧೈರ್ಯವಾಗಿ ಮುಂದುವರಿಯಬಹುದು. ಇಲ್ಲಿ ಹತ್ತಿರ ಹತ್ತಿರ ಅಷ್ಟೇ ಇಳಿಯಿತು. ಆರು ಇಂಚು ನೀರು ನಿಂತರೂ ಅರ್ಧ ದಿನದಲ್ಲಿ ಖಾಲಿ. ಸೊಳ್ಳೆಯ ಭಯ ಬೇಡ ಅಮ್ಮ, ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಹಿಡಿಯುತ್ತದೆ.

ಜೇಡಿಗೆ ಒಂದಿಷ್ಟು ಮರಳು ಬೆರೆಸಿದರೆ ಸರಿಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ, ಇನ್ನೂ ಗಟ್ಟಿಯಾಗುತ್ತದೆ. ಕಾಂಪೋಸ್ಟ್ ಬೆರೆಸಬೇಕು.

ಇನ್ನು ಲೆಕ್ಕ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಎಷ್ಟು ಸಲೀಸು ನೋಡಿ! ಈ ಮನೆಯ ಪೈಪಿಗೆ ಇಳಿಯುವುದು 50 ಚದರ ಮೀಟರ್ ಮಾಡಿನ ನೀರು. 25 ಮಿಲಿಮೀಟರ್ ಮಳೆಗೆ 1,250 ಲೀಟರ್. ಪೈಪಿನ ಕೆಳಗೆ ಒಂದು ಡ್ರಮ್ ಇಟ್ಟರೆ ಸಾಲದಾ ಅಂತ ಮನೆಯ ಅಜ್ಜ ಕೇಳಿದರು. 200 ಲೀಟರಿನ ಡ್ರಮ್ ಬರೀ ನಾಲ್ಕು ಮಿಲಿಮೀಟರ್ ಮಳೆಗೇ ತುಂಬಿ ಹೊರಗೆ ಚೆಲ್ಲುತ್ತದೆ. ಗಿಡಕ್ಕೆ ಹಾಕಲು ಒಳ್ಳೆಯದೇ, ಮಳೆ ತಡೆಯಲು ಸಾಲದು. ಮಳೆ ತೋಟ ಆರಿಂಚು ಆಳ ಅಂತ ಹಿಡಿದರೆ ಎಂಟು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕಾಯಿತು.

ಈಗ ನಿಮ್ಮ ಪಾಯದ ಪ್ರಶ್ನೆ. ಮಳೆ ತೋಟ ಗೋಡೆಯಿಂದ ಕನಿಷ್ಠ ಹತ್ತು ಅಡಿ ದೂರ ಇರಬೇಕು, ಇಳಿಜಾರು ಮನೆಯಿಂದ ಆಚೆಗೇ ಇರಬೇಕು. ದೊಡ್ಡ ಮರದ ಬೇರಿನ ಮೇಲೆ ಅಗೆಯುವಂತಿಲ್ಲ. ಗೂಟ ನೆಟ್ಟು, ದಾರ ಕಟ್ಟಿ, ಮಟ್ಟ ನೋಡಿ ಅಗೆಯುತ್ತೇವೆ. ತಳ ಒಂದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ನೀರು ಒಂದೇ ಮೂಲೆಗೆ ಸೇರಿ ಉಳಿದ ಜಾಗ ದಂಡ. ಅಗೆದ ಮಣ್ಣನ್ನು ಹೊರಗೆ ಸಾಗಿಸುವುದಿಲ್ಲ, ಇಳಿಜಾರಿನ ಕೆಳಬದಿಗೆ ಬದು ಹಾಕಿ ತುಳಿದು ಗಟ್ಟಿ ಮಾಡುತ್ತೇವೆ. ಆ ಬದುವಿನಲ್ಲಿ ಒಂದು ಕಡೆ ತಗ್ಗಿಸಿ ಕಲ್ಲು ಹಾಸಿದರೆ ಅದೇ ಕೋಡಿ. ಕೆರೆಯ ಕೋಡಿಯನ್ನೇ ಎಂಟು ಚದರ ಮೀಟರಿಗೆ ಇಳಿಸಿದ್ದೇವೆ ಅಷ್ಟೇ. ಹಿತ್ತಲಲ್ಲಿ ಸುಮ್ನೆ ಉರುಟು ಕಲ್ಲು ಸುರಿದು ಒಣ ಹಳ್ಳದ ಹಾಗೆ ಮಾಡಿಕೊಳ್ಳುವ ಫ್ಯಾಷನ್ ಇಲ್ಲಿ ಜೋರಾಗಿದೆ. ನೀರೇ ಹರಿಯದ ಕಡೆ ಹಳ್ಳ ಯಾಕೆ ಅಂತ ನನಗಂತೂ ಅರ್ಥವಾಗಿಲ್ಲ.

ಅಮ್ಮ, ಹೂವು ಬಂತು ನೋಡು. ನಡುವಿನ ತಗ್ಗಿಗೆ ಸ್ವಾಂಪ್ ಮಿಲ್ಕ್‌ವೀಡ್, ಅಂಚಿಗೆ ಸ್ವಿಚ್‌ಗ್ರಾಸ್ ಎನ್ನುವ ಎತ್ತರದ ಹುಲ್ಲು. ಈ ಹುಲ್ಲಿನ ಬೇರು ಹತ್ತು ಅಡಿವರೆಗೂ ಇಳಿಯಬಲ್ಲದು, ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ. ಇಲ್ಲಿ ಅರ್ಧ ದಿನ ನೀರು, ಆಮೇಲೆ ವಾರಗಟ್ಟಲೆ ಒಣ ನೆಲ. ಹಾಗಾಗಿ ಸದಾ ಕೆಸರು ಬೇಡುವ ಗಿಡ ಬಾಳುವುದಿಲ್ಲ, ಎರಡನ್ನೂ ತಡೆಯುವಂಥದ್ದು ಬೇಕು. ಮಿಲ್ಕ್‌ವೀಡ್ ನಮ್ಮ ಎಕ್ಕದ ಬಳಗದ್ದೇ, ಎಲೆ ಮುರಿದರೆ ಅದೇ ಬಿಳಿ ಹಾಲು. ಗುಲಾಬಿ ಬಣ್ಣದ ಗೊಂಚಲು ಹೂ. ಮೊನಾರ್ಕ್ ಚಿಟ್ಟೆಯ ಹುಳ ತಿನ್ನುವುದು ಈ ಬಳಗದ ಗಿಡಗಳನ್ನೇ, ಬೇರೆ ಸೊಪ್ಪು ಮುಟ್ಟುವುದಿಲ್ಲ. ಬುಡಕ್ಕೆ ಹೊದಿಸಲು ಮರದ ಚಕ್ಕೆ ತರಬಾರದು, ತೇಲಿಹೋಗುತ್ತದೆ. ನಾರುನಾರಾಗಿ ಸೀಳಿದ ತೊಗಟೆ ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತದೆ.

ಅಪ್ಪ, ನಕ್ಷೆಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಕೋಡಿ ಎರಡಡಿ ಅಗಲ ಇಟ್ಟಿದ್ದೇನೆ, ನೀರು ಹಿಂದಿನ ಹುಲ್ಲಿನ ಕಡೆ ಹೋಗುತ್ತದೆ, ಪಕ್ಕದ ಮನೆಗೆ ಹೋಗುವುದಿಲ್ಲ. ಮೇಡಂ ಸಾಕು ಅಂದರು. ನೀವೂ ಒಮ್ಮೆ ನೋಡಿ, ಅಗಲ ಹೆಚ್ಚಿಸಬೇಕಾ ಹೇಳಿ. ಕಲ್ಲು ಹಾಸುವುದು ಮುಂದಿನ ಶನಿವಾರ, ಅಷ್ಟರೊಳಗೆ ಹೇಳಿದರೆ ಸಾಕು.

ನಿಮ್ಮ ಮಗಳು