ಬೀಡಿ ಕಟ್ಟುವವಳ ಹೆಸರಲ್ಲೇ ಪುಸ್ತಕ ಇರಲಿ

ಮಾನ್ಯ ಸಂಪಾದಕರೇ,

ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಪತ್ರಿಕೆಗಳಲ್ಲಿ ಐಟಿಯವರ ಸಂಬಳ, ಫ್ಯಾಕ್ಟರಿಯವರ ಗ್ರಾಚ್ಯುಟಿ, ಡೆಲಿವರಿ ಹುಡುಗರ ವಿಮೆ ಎಲ್ಲದರ ಬಗ್ಗೆಯೂ ಬಂತು. ಕೇರಳದ ಗಡಿಯಲ್ಲಿರುವ ನಮ್ಮ ಮಂಜೇಶ್ವರ ಕಡೆ ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರ ವಿಷಯ ಮಾತ್ರ ನಾನು ಓದಿದ ಕಡೆ ಎಲ್ಲೂ ಕಾಣಲಿಲ್ಲ. ಅದಕ್ಕೇ ಈ ಪತ್ರ.

ನಾನು ಪೈವಳಿಕೆ ಪಂಚಾಯತಿನವಳು. ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ನನಗೆ ಈಗ ಅಕ್ಷಯ ಕೇಂದ್ರದಲ್ಲಿ, ಅಂದರೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕಡೆ, ಕೆಲಸ. ಆಧಾರ್, ರೇಷನ್ ಕಾರ್ಡಿನ ಜೊತೆಗೆ ಬೀಡಿಯವರ ಪಿಎಫ್ ಕೂಡ ನಮ್ಮ ಟೇಬಲ್ಲಿಗೇ ಬರುತ್ತದೆ. ಅರ್ಜಿ ತುಂಬುವುದು ಒಂದು ಕೆಲಸವಾದರೆ, ಪ್ರಶ್ನೆಗಳಿಗೆ ಉತ್ತರ ಹೇಳುವುದು ಇನ್ನೊಂದು. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: “ನಾವು ಮನೆಯಲ್ಲಿ ಕೂತು ಕಟ್ಟುವವರು. ಕಂಪನಿಯ ಕೆಲಸದವರು ಅಂತ ನಮಗೆ ಲೆಕ್ಕ ಉಂಟಾ ಮಗಾ?”

ಉಂಟು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಲ್ಲೇ ಅದು ಸ್ಪಷ್ಟವಾಗಿತ್ತು. ಕಂಪನಿಯಿಂದಲೋ ಕಂಟ್ರಾಕ್ಟರಿಂದಲೋ ಎಲೆ, ಹೊಗೆಸೊಪ್ಪು ತಂದು ಮನೆಯಲ್ಲಿ ಕಟ್ಟುವವರೂ ಉದ್ಯೋಗಿಗಳೇ. ಇದು ಆಗುವುದಿಲ್ಲ ಅಂತ ಬೀಡಿ ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಕಾನೂನಿನ ಪುಸ್ತಕಗಳಲ್ಲಿ ಆ ತೀರ್ಪಿನ ಹೆಸರೇ ‘ಮಂಗಳೂರು ಗಣೇಶ್ ಬೀಡಿ ವರ್ಕ್ಸ್’. ದಿಲ್ಲಿಯ ಆ ಕೇಸಿಗೆ ನಮ್ಮ ಪಕ್ಕದ ಊರಿನ ಹೆಸರಿದೆ. ಆದರೂ ಇಲ್ಲಿ ಕಟ್ಟುವವರಿಗೆ ಅದು ಗೊತ್ತಿಲ್ಲ.

ಪಿಎಫ್ ವಿಷಯದಲ್ಲೂ ಇದೇ ತಕರಾರು ಎದ್ದಿತ್ತು. ಮನೆಯಲ್ಲಿ ಕಟ್ಟುವವರ ಮೇಲೆ ನಮ್ಮ ಹಿಡಿತ ಎಲ್ಲಿದೆ, ಅವರು ಹೇಗೆ ನಮ್ಮ ಕೆಲಸಗಾರರಾಗುತ್ತಾರೆ ಅಂತ ಮಾಲೀಕರ ವಾದ. 1985ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎಲೆ, ಹೊಗೆಸೊಪ್ಪು ಕೊಡುವವರು ನೀವು, ಬೀಡಿ ಸರಿಯಿಲ್ಲ ಅಂತ ತಿರಸ್ಕರಿಸುವ ಅಧಿಕಾರವೂ ನಿಮ್ಮದೇ, ಅಷ್ಟು ಹಿಡಿತ ಸಾಕು ಅಂತ ಹೇಳಿತು.

ಇದನ್ನು ಹೇಳಿದಾಗ ನಮ್ಮ ಹೆಂಗಸರಿಗೆ ನಗು ಬರುತ್ತದೆ. ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿನಲ್ಲಿ ಏನಾಗುತ್ತದೆ ಅಂತ ನೋಡಿದವರಿಗೆ ಆ ನಗು ಅರ್ಥವಾದೀತು. ಚೀಲದಿಂದ ಕಟ್ಟುಗಳನ್ನು ತೆಗೆದು ಮೇಜಿನ ಮೇಲೆ ಇಡಬೇಕು. ಚೆಕ್ಕರ್ ಒಂದು ಕಟ್ಟು ಎತ್ತಿಕೊಂಡು ಬಾಯಿಯ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಒಂದನ್ನು ಬಿಚ್ಚುತ್ತಾನೆ. ಹೊಗೆಸೊಪ್ಪಿನ ಹುಡಿ ಕಮ್ಮಿ ಅಂತ ಒಂದು ಹಿಡಿ ಪಕ್ಕಕ್ಕೆ. ಎಲೆ ತೂತು ಅಂತ ಇನ್ನೊಂದು ಹಿಡಿ. ಎಲೆ ಕೊಟ್ಟದ್ದು ಅವರೇ ಅಲ್ವಾ? ಸಾವಿರ ಬೀಡಿಗೆ ಇಷ್ಟು ಅಂತ ತೂಗಿ ಕೊಡುತ್ತಾರೆ. ತೂತಿನ ಎಲೆಯೂ ಅದೇ ತೂಕದಲ್ಲಿ ಬರುತ್ತದೆ. ಸಾಲದ್ದಕ್ಕೆ ಹೊರಗಿಂದ ದುಡ್ಡು ಕೊಟ್ಟು ಎಲೆ ತರುವವರೂ ಇದ್ದಾರೆ. ಪಕ್ಕಕ್ಕೆ ಹೋದ ಬೀಡಿಗೆ ಕೂಲಿ ಇಲ್ಲ, ಬೀಡಿಯೂ ವಾಪಸು ಇಲ್ಲ. ಅಮ್ಮ ಕಟ್ಟುತ್ತಿದ್ದ ಬ್ರಾಂಚಿನ ಕಥೆ ಇದು. ಕಂಪನಿಯ ಹೆಸರು ಬೇಡ.

ಈ ತಿರಸ್ಕಾರಕ್ಕೂ ಒಂದು ಮಿತಿ ಇತ್ತು. 1966ರ ಕಾಯ್ದೆಯ ಕೆಳಗೆ ಗಡಿಯ ಆಚೆ ಆಗಿನ ಮೈಸೂರು ರಾಜ್ಯ ಮಾಡಿದ ನಿಯಮದ ಪ್ರಕಾರ ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಜಾಸ್ತಿ ಬೀಡಿ ತಿರಸ್ಕರಿಸುವ ಹಾಗಿರಲಿಲ್ಲ. ಬೇಕೆಂದೇ ಅಸಡ್ಡೆ ಮಾಡಿ ಹಾಳು ಮಾಡಿದ್ದು ಅಲ್ಲದಿದ್ದರೆ, ತಿರಸ್ಕರಿಸಿದ ಬೀಡಿಗೂ ಅರ್ಧ ಕೂಲಿ ಕೊಡಬೇಕಿತ್ತು. ಎಲೆ ಕೊಡುವ ವಿಷಯದಲ್ಲಿ, ತಿರಸ್ಕಾರದ ವಿಷಯದಲ್ಲಿ ಜಗಳ ಬಂದರೆ ಅದನ್ನು ತೀರಿಸುವ ದಾರಿಯನ್ನೂ ಕಾಯ್ದೆ ಹೇಳಿತ್ತು. ಮನೆಯಲ್ಲಿ ಕಟ್ಟುವವರಿಗೂ 20 ದಿನದ ಕೆಲಸಕ್ಕೆ ಒಂದು ದಿನದ ಲೆಕ್ಕದಲ್ಲಿ ಸಂಬಳದ ರಜೆ ಇತ್ತು. ಬ್ರಾಂಚಿನ ಗೋಡೆಯಲ್ಲಿ ದೇವರ ಕ್ಯಾಲೆಂಡರ್ ಇರುತ್ತದೆ, ಈ ನಿಯಮ ಬರೆದ ಒಂದು ಹಾಳೆಯನ್ನು ನಾನಂತೂ ಕಂಡಿಲ್ಲ.

ಆದರೆ ಇದಕ್ಕಿಂತ ದೊಡ್ಡ ತೊಂದರೆ ಇರುವುದು ಪುಸ್ತಕದಲ್ಲಿ. ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಪುಸ್ತಕ ಮನೆಗೆ ಒಂದೇ. ಅದು ಅತ್ತೆಯ ಹೆಸರಲ್ಲಿ. ಕಟ್ಟುವವರು ಇಬ್ಬರು ಸೊಸೆಯಂದಿರು, ಶಾಲೆ ಬಿಟ್ಟ ಮಗಳು. ಅತ್ತೆಗೆ ಕಣ್ಣು ಕಾಣದೆ ಕತ್ತರಿ ಕೆಳಗಿಟ್ಟು ಕಾಲವಾಯಿತು. ಆದರೂ ಪುಸ್ತಕದಲ್ಲಿ ಬೀಡಿ ಕಟ್ಟುತ್ತಿರುವುದು ಅವರೇ. ಹೊಸ ಪುಸ್ತಕ ಕೇಳಿದರೆ ಬ್ರಾಂಚಿನವರು “ಈಗ ಹೊಸತು ಇಲ್ಲಕ್ಕ, ಇದ್ದದ್ದರಲ್ಲೇ ಕಟ್ಟಿ” ಅನ್ನುತ್ತಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ಜಾಸ್ತಿಯಾದರೆ ಪಿಎಫ್ ಖಾತೆ, ರಜೆ ಸಂಬಳ, ಗ್ರಾಚ್ಯುಟಿ ಕೇಳುವವರೂ ಜಾಸ್ತಿ.

ಬೀಡಿ ಉದ್ಯಮಕ್ಕೆ ಪಿಎಫ್ ದರ ನೂರಕ್ಕೆ 10. ಹೆಂಗಸಿನ ಕೂಲಿಯಿಂದ ಅಷ್ಟು, ಕಂಪನಿಯಿಂದ ಅಷ್ಟೇ. ತಿಂಗಳ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ಅತ್ತೆಯ ಪುಸ್ತಕದಲ್ಲಿ 20 ವರ್ಷ ಕಟ್ಟಿದ ಸೊಸೆಗೆ ದಾಖಲೆಯಲ್ಲಿ ಒಂದು ದಿನದ ಸೇವೆಯೂ ಇಲ್ಲ. ಬೆನ್ನು ನೋವು, ಕೆಮ್ಮು ಇವಳಿಗೆ. ದುಡ್ಡು ಇನ್ನೊಬ್ಬರ ಖಾತೆಗೆ. ಮನೆಯೊಳಗೆ ಹೊಂದಾಣಿಕೆ ಇದ್ದರೆ ಹೇಗೋ ನಡೆಯುತ್ತದೆ. ಇಲ್ಲದಿದ್ದರೆ ಕೇಳಲು ಕಾಗದವೇ ಇಲ್ಲ.

ಸ್ವಂತ ಪುಸ್ತಕ ಇದ್ದವರ ಪಾಡು ಬೇರೆ. ಕಂಪನಿಯ ದಾಖಲೆಯಲ್ಲಿ ‘ಲಲಿತಾ’, ಆಧಾರಿನಲ್ಲಿ ‘ಲಲಿತ ಪಿ’, ಬ್ಯಾಂಕಿನಲ್ಲಿ ‘ಲಲಿತಮ್ಮ’. ಹುಟ್ಟಿದ ದಿನಾಂಕ ಯಾರೋ ಅಂದಾಜಿಗೆ ಬರೆದ ಜನವರಿ 1. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು. ಕಂಪ್ಯೂಟರು ಪಿಎಫ್ ಅರ್ಜಿಯನ್ನು ಒಳಗೇ ಬಿಡುವುದಿಲ್ಲ. ಹಳೆಯ ಖಾತೆ ತಿದ್ದಬೇಕಾದರೆ ಜಂಟಿ ಘೋಷಣೆಗೆ, ಅಂದರೆ ಕೆಲಸದವರೂ ಕಂಪನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿಗೆ, ಕಂಪನಿಯ ಸಹಿ ಬೇಕು. ಆ ಸಹಿಗೆ ಅರುವತ್ತು ದಾಟಿದ ಹೆಂಗಸರು ಉಪ್ಪಳದಿಂದ ಬಸ್ಸು ಹತ್ತಿ ತಲಪಾಡಿಯ ಗಡಿ ದಾಟಿ ಮಂಗಳೂರಿನ ಕಂಪನಿ ಆಫೀಸಿಗೆ ಹೋಗಬೇಕು. “ಸಾಯೇಬ್ರು ಇಲ್ಲ, ಸೋಮವಾರ ಬನ್ನಿ” ಅಂತ ಕೇಳಿ ಬರಬೇಕು. ಇಷ್ಟೆಲ್ಲ ಮಾಡಿ ಸಿಗುವ ಪಿಂಚಣಿ ಹೆಚ್ಚಿನವರಿಗೆ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು. ಆ ಕನಿಷ್ಠ ಮೊತ್ತ 2014ರಲ್ಲಿ ನಿಗದಿಯಾದದ್ದು, ಅಲ್ಲೇ ನಿಂತಿದೆ.

ಬೀಡಿ ಆರೋಗ್ಯಕ್ಕೆ ಕೆಟ್ಟದ್ದು, ಅದು ನಿಂತೇ ಹೋಗಲಿ ಅನ್ನುವವರಿದ್ದಾರೆ. ಇರಲಿ. ನಿಂತರೂ ಇಷ್ಟು ವರ್ಷ ದುಡಿದದ್ದರ ಲೆಕ್ಕ ಚುಕ್ತಾ ಆಗಬೇಕಲ್ಲ.

ಈಗ 1966ರ ಕಾಯ್ದೆ ಹೋಗಿ ಅದರ ವಿಷಯ ಕೆಲಸದ ಸುರಕ್ಷತೆಯ ಸಂಹಿತೆಯೊಳಗೆ ಸೇರಿದೆ. ಪಿಎಫ್, ಗ್ರಾಚ್ಯುಟಿ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿವೆ. ಅದೇ ಸಂಹಿತೆಯಲ್ಲಿ ‘ಮನೆಯಲ್ಲಿ ಕೆಲಸ ಮಾಡಿಕೊಡುವವರು’ ಅನ್ನುವ ಬೇರೆ ವರ್ಗವೂ ಇದೆ. ಅವರನ್ನು ಅಸಂಘಟಿತರ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನನ್ನ ಭಯ ಇರುವುದು ಅಲ್ಲಿ. ನಾಳೆ ಯಾವುದಾದರೂ ಕಂಪನಿ “ಇವರು ನಮ್ಮ ಉದ್ಯೋಗಿಗಳಲ್ಲ, ಆ ಸಾಲಿನವರು” ಅಂದರೆ, 1985ರಲ್ಲಿ ಮುಗಿದ ಜಗಳ ಮತ್ತೆ ಮೊದಲಿಂದ ಶುರುವಾಗುತ್ತದೆ. ಆಗ ಕೈಯಲ್ಲಿ ಸ್ವಂತ ಹೆಸರಿನ ಪುಸ್ತಕ ಇಲ್ಲದವಳು ಜಗಳಕ್ಕೇ ನಿಲ್ಲಲಾರಳು.

ಕಾರ್ಮಿಕ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬ್ರಾಂಚುಗಳಿಗೆ ಬಂದು ಪುಸ್ತಕದ ಹೆಸರನ್ನೂ ಬೀಡಿ ತರುವ ಕೈಯನ್ನೂ ತಾಳೆ ನೋಡಿ. ಕಟ್ಟುವವರಿಗೇ ಪುಸ್ತಕ ಕೊಡಿಸಿ. ಹಳೆಯ ಕಾಯ್ದೆಯ ಯಾವ ಹಕ್ಕು ಹೊಸ ಸಂಹಿತೆಯ ಯಾವ ನಿಯಮದಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದು ಬ್ರಾಂಚಿನಲ್ಲಿ ಅಂಟಿಸಿ. ಅದು ಕನ್ನಡದಲ್ಲೂ ಇರಲಿ. ಇದು ಉಪಕಾರ ಅಂತ ಕೇಳುವುದಲ್ಲ. ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಬರೆದದ್ದು.

ಕಂಪನಿಯವರು ಜಂಟಿ ಘೋಷಣೆಗೆ ಸಹಿ ಹಾಕಲು ತಿಂಗಳಿಗೊಂದು ದಿನ ಗಡಿಯ ಈಚೆಗೆ ಬಂದರೆ ಸಾಕು. ಎಲೆ, ಹೊಗೆಸೊಪ್ಪಿನ ಲಾರಿ ಹೇಗೂ ಬರುತ್ತದಲ್ಲ, ಅದರಲ್ಲೇ ಒಬ್ಬರು ಸೀಲು ಹಿಡಿದುಕೊಂಡು ಬರಲಿ.

ಇತಿ,
ಬೀಡಿ ಕಾರ್ಮಿಕರ ಮನೆಯ ಹೆಣ್ಣುಮಗಳು
ಬಾಯಾರು, ಕಾಸರಗೋಡು ಜಿಲ್ಲೆ