ಆರೋಗ್ಯ ಸಚಿವರೇ, ಮೊದಲು ಅಳೆಯಿರಿ, ಆಮೇಲೆ ಬರೆಯಿರಿ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಬಯಲುಸೀಮೆಯ ಒಂದು ತಾಲ್ಲೂಕಿನವಳು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ, ಎರಡು ಮಕ್ಕಳ ತಾಯಿ. ಎರಡು ಬಸುರಿನಲ್ಲೂ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಮೊದಲ ಸಲ ಅದನ್ನು ಯಾರೂ ಹುಡುಕಲಿಲ್ಲ. ಎರಡನೇ ಸಲ ನಾನೇ ಕೈಯಿಂದ ದುಡ್ಡು ಹಾಕಿ ಪತ್ತೆ ಮಾಡಿಸಿಕೊಂಡೆ. ಈ ಬಗ್ಗೆ ಅರ್ಜಿ ಕೊಟ್ಟಾಯಿತು, ಸಹಾಯವಾಣಿಗೆ ಫೋನ್ ಮಾಡಿದ್ದಾಯಿತು, ಮೇಲಧಿಕಾರಿಗಳ ಮುಂದೆ ಕೈಕಟ್ಟಿ ನಿಂತಿದ್ದೂ ಆಯಿತು. "ನಿಮ್ಮ ದೂರನ್ನು ವಿಲೇವಾರಿ ಮಾಡಲಾಗಿದೆ" ಅಂತ ಮೆಸೇಜ್ ಬಂತು. ಏನು ವಿಲೇವಾರಿ ಮಾಡಿದರೋ ಆ ದೇವರಿಗೇ ಗೊತ್ತು. ಅದಕ್ಕೇ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಿಯಮ ನಿಮಗೆ ಗೊತ್ತೇ ಇರುತ್ತದೆ. ಬಸುರಿ ಹೆಂಗಸು ಮೊದಲ ಸಲ ಆಸ್ಪತ್ರೆಗೆ ಬಂದಾಗ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಊಟ ಆಗಿರಲಿ, ಬಿಟ್ಟಿರಲಿ. ಎರಡು ಗಂಟೆ ಬಿಟ್ಟು ರಕ್ತ ನೋಡಬೇಕು. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಬರದಿದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಂದು ಸಲ ನೋಡಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿದ್ದು 2014ರಲ್ಲಿ, ಅದನ್ನು ಪರಿಷ್ಕರಿಸಿದ್ದು 2018ರಲ್ಲಿ. ಈ ಸುಲಭದ ಪರೀಕ್ಷೆಗಾಗಿ ದುಡಿದ ಚೆನ್ನೈನ ಡಾ. ವಿ. ಶೇಷಯ್ಯ ಅವರ ಹುಟ್ಟುಹಬ್ಬ ಮಾರ್ಚ್ 10. ಆ ದಿನವನ್ನು ಗರ್ಭಿಣಿಯರ ಮಧುಮೇಹದ ಜಾಗೃತಿ ದಿನ ಅಂತ ಆಚರಿಸುತ್ತಾರೆ. ನಮ್ಮಲ್ಲೂ ಬ್ಯಾನರ್ ಕಟ್ಟಿದ್ದರು. ಬ್ಯಾನರಿಗೆ ದುಡ್ಡಿತ್ತು, ಗ್ಲೂಕೋಸಿಗೆ ಇರಲಿಲ್ಲ.

ಈಗ ನನ್ನ ಕಥೆ ಕೇಳಿ. ಉದ್ದವಾಯಿತು ಅನ್ನಿಸಿದರೆ ಕ್ಷಮಿಸಿ, ಅನುಭವಿಸಿದ್ದು ಇನ್ನೂ ಉದ್ದ ಇತ್ತು.

ಎರಡನೇ ಬಸುರಿನಲ್ಲಿ ನಮ್ಮ ಆರೋಗ್ಯ ಕೇಂದ್ರಕ್ಕೆ ತಪಾಸಣೆಗೆ ಹೋದೆ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ತಾಯಿ ಕಾರ್ಡ್‌ಗಳನ್ನೆಲ್ಲ ಒಟ್ಟಿಗೆ ಇಸಿದುಕೊಂಡು ಒಳಗೆ ಹೋದ ಸಿಸ್ಟರ್ ಸ್ವಲ್ಪ ಹೊತ್ತಿಗೆ ವಾಪಸ್ ತಂದುಕೊಟ್ಟರು. ನನ್ನ ಕಾರ್ಡಿನಲ್ಲಿ ಸಕ್ಕರೆಯ ಕಾಲಂನಲ್ಲಿ 98 ಅಂತಿತ್ತು. ನೀಲಿ ಪೆನ್ನು, ದುಂಡು ಅಕ್ಷರ. ನನ್ನ ಬೆರಳಿಗೆ ಇನ್ನೂ ಯಾರೂ ಸೂಜಿ ಚುಚ್ಚಿರಲಿಲ್ಲ. ಪಕ್ಕದವಳ ಕಾರ್ಡ್ ಇಣುಕಿದೆ. ಅಲ್ಲೂ 98. ಅವಳಾಚೆ ಕೂತ, ಇನ್ನೂ ಹೊಟ್ಟೆಯೇ ಕಾಣದ ಹುಡುಗಿಯದೂ 98. ಇಡೀ ಬೆಂಚಿನದು ಒಂದೇ ಸಕ್ಕರೆ! ವಿಜ್ಞಾನ ಓದಿದವಳು ನಾನು, ಇಂಥ ಪವಾಡ ಎಲ್ಲೂ ಓದಿಲ್ಲ.

ಕೇಳಿದೆ. "ಗ್ಲೂಕೋಸ್ ಪ್ಯಾಕೆಟ್ ಸ್ಟಾಕ್ ಇಲ್ಲ ಮೇಡಂ. ಪೋರ್ಟಲ್‌ನಲ್ಲಿ ಖಾಲಿ ಬಿಟ್ರೆ ಮೇಲಿನವರು ಬೈತಾರೆ. ಅದಕ್ಕೆ ಹಾಕ್ಬಿಡ್ತೀವಿ" ಅಂದರು ಸಿಸ್ಟರ್. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಾಮಾನು ಕಳಿಸದೆ ಸಂಖ್ಯೆ ಮಾತ್ರ ಕೇಳುವವರ ಮೇಲೆ ಸಿಟ್ಟಿದೆ. ಸಚಿವರೇ, ಅಳೆಯದೆ ಬರೆಯುವುದನ್ನು ನಿಲ್ಲಿಸಿ. ಈ ಪತ್ರದಲ್ಲಿ ನಾನು ಕೇಳುವುದು ಅದೊಂದೇ.

ಸಕ್ಕರೆ ಆಯಿತು, ಇನ್ನು ಕಬ್ಬಿಣದ ಸರದಿ. ನನ್ನ ಕೆಳರೆಪ್ಪೆ ಎಳೆದು ನೋಡಿ "ರಕ್ತ ಕಮ್ಮಿ" ಅಂದರು. ಒಂದು ಹನಿ ರಕ್ತವನ್ನು ಕಾಗದಕ್ಕೆ ಒತ್ತಿ, ಬಣ್ಣದ ಪಟ್ಟಿಗೆ ಹೋಲಿಸಿ ಹಿಮೋಗ್ಲೋಬಿನ್ 9 ಅಂತ ಬರೆದರು. ದಿನಕ್ಕೆ ಎರಡು ಕೆಂಪು ಮಾತ್ರೆ ನುಂಗಿ, ಅದರಲ್ಲೂ ಏರದಿದ್ದರೆ ಐರನ್ ಡ್ರಿಪ್ ಹಾಕಿಸೋಣ ಅಂದರು. ಬಸ್ ಹತ್ತಿ ಪೇಟೆಯ ಲ್ಯಾಬಿಗೆ ಹೋದೆ. ಹಿಮೋಗ್ಲೋಬಿನ್ 11.8 ಬಂತು. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು ಕೊಡುವ ಫೆರಿಟಿನ್ ಕೊರತೆಯ ಹತ್ತಿರವೂ ಇರಲಿಲ್ಲ. ಎರಡು ಗಂಟೆಯ ಸಕ್ಕರೆ 178. ಅಂದರೆ ನನಗೆ ಇಲ್ಲದ ಕಾಯಿಲೆಗೆ ಡಬಲ್ ಡೋಸು, ಇರುವ ಕಾಯಿಲೆಗೆ 98!

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಯಾರಾದರೂ ತಪ್ಪು ತಿಳಿದಾರು. ಕಬ್ಬಿಣದ ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ 52.2 ಶೇಕಡಾ ಜನರಿಗೆ ರಕ್ತಹೀನತೆ ಇತ್ತು. ಅವರಲ್ಲಿ ಬಹಳ ಜನರ ಜೀವ ಕಾಯುವುದು ಈ ಕೆಂಪು ಮಾತ್ರೆಯೇ. ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ಆದರೆ ರಕ್ತ ಕಮ್ಮಿ ಇದ್ದ ಮಾತ್ರಕ್ಕೆ ಕಬ್ಬಿಣವೇ ಕಮ್ಮಿ ಅಂತಲ್ಲ. ಬಿ12 ವಿಟಮಿನ್ ಕಮ್ಮಿ ಇರಬಹುದು, ಹುಟ್ಟಿನಿಂದ ಬರುವ ರಕ್ತದ ದೋಷವಾದ ಥಲಸ್ಸೀಮಿಯಾದ ವಾಹಕರಿರಬಹುದು. ಅಂಥವರಿಗೆ ಸುಮ್ನೆ ಕಬ್ಬಿಣ ಸುರಿದರೆ ಏನು ಬಂತು?

ಜಾಸ್ತಿಯಾದ ಕಬ್ಬಿಣ ಮೈಯಲ್ಲಿ ಸುಮ್ಮನೆ ಕೂರುವುದಿಲ್ಲ, ಅಲ್ವಾ? 2012ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬ್ರೆಂಟ್ ಸ್ಟಾಕ್‌ವೆಲ್ ಅವರ ತಂಡ ಜೀವಕೋಶ ಸಾಯುವ ಒಂದು ಬಗೆಯನ್ನು ಗುರುತಿಸಿ ಅದಕ್ಕೆ ಫೆರೊಪ್ಟೋಸಿಸ್ ಅಂತ ಹೆಸರಿಟ್ಟಿತು. ಕೋಶದೊಳಗೆ ಯಾವುದಕ್ಕೂ ಅಂಟದೆ ಬಿಡಿಯಾಗಿ ಉಳಿದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನ ಜೊತೆ ಸೇರಿದರೆ ಸುಡುವ ಗುಣದ ಕಣಗಳು ಹುಟ್ಟುತ್ತವೆ. ಅವು ಕೋಶದ ಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತವೆ, ಡಬ್ಬಿಯ ತಳದ ಎಣ್ಣೆ ಕಮಟು ಹಿಡಿಯುತ್ತದಲ್ಲ, ಹಾಗೆ. ಕೆಟ್ಟ ಕೊಬ್ಬನ್ನು ಸರಿಮಾಡುವ ಜಿಪಿಎಕ್ಸ್4 ಅನ್ನುವ ಕಿಣ್ವ ಇದೆ, ಅದಕ್ಕೆ ಕೋಶದಲ್ಲೇ ಇರುವ ಗ್ಲುಟಾಥಯೋನ್ ಅನ್ನುವ ವಸ್ತು ಬೇಕು. ಅದು ಬರಿದಾದರೆ ಪೊರೆ ಒಡೆದು ಕೋಶ ಸಾಯುತ್ತದೆ.

ಇನ್ಸುಲಿನ್ ಮಾಡುವ ಮೇದೋಜೀರಕದ ಬೀಟಾ ಕೋಶಗಳಿಗೆ ಇಂಥ ದಾಳಿ ತಡೆಯುವ ಶಕ್ತಿ ಮೊದಲೇ ಕಮ್ಮಿ. ಬಸುರಿನಲ್ಲಿ ಮಾಸಿನ ಹಾರ್ಮೋನುಗಳಿಂದ ಇನ್ಸುಲಿನ್ ಕೆಲಸ ಮಂದವಾಗುತ್ತದೆ, ಅದನ್ನು ಸರಿದೂಗಿಸಲು ಬೀಟಾ ಕೋಶಗಳು ಹೆಚ್ಚು ದುಡಿಯಬೇಕು. ದುಡಿಯಬೇಕಾದ ಹೊತ್ತಿನಲ್ಲೇ ಅವು ಸಾಯತೊಡಗಿದರೆ ಸಕ್ಕರೆ ಏರುತ್ತದೆ. ಏರಿದ ಸಕ್ಕರೆಯಲ್ಲಿ ಮಾಸಿನ ಕೋಶಗಳೂ ಇದೇ ರೀತಿ ಸಾಯುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಫೆರಿಟಿನ್ ಜಾಸ್ತಿ ಇರುವ ಬಸುರಿಯರಲ್ಲಿ ಸಕ್ಕರೆ ಕಾಯಿಲೆಯೂ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ.

ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ, ನಿಮ್ಮ ತಜ್ಞರು ಹೇಗೂ ಹೇಳುತ್ತಾರೆ. ಕೋಶಗಳ ಸಾವಿನ ಸಂಗತಿ ಹೆಚ್ಚಾಗಿ ಇಲಿಗಳಲ್ಲಿ, ಗಾಜಿನ ತಟ್ಟೆಯ ಕೋಶಗಳಲ್ಲಿ ಕಂಡದ್ದು. ಮೈಯಲ್ಲಿ ಉರಿಯೂತ ಇದ್ದರೂ ಫೆರಿಟಿನ್ ಏರುತ್ತದೆ, ಅದು ಏರಿದೆ ಅಂದರೆ ಕಬ್ಬಿಣವೇ ಜಾಸ್ತಿ ಅಂತಲ್ಲ. 2009ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಾ 60 ಮಿಲಿಗ್ರಾಂ ಕಬ್ಬಿಣ ಕೊಟ್ಟು ನೋಡಿದರು. ಸಕ್ಕರೆ ಕಾಯಿಲೆ ಹೆಚ್ಚಲಿಲ್ಲ. ಹಾಗಾಗಿ ಕೆಂಪು ಮಾತ್ರೆಯೇ ನನ್ನ ಕಾಯಿಲೆಗೆ ಕಾರಣ ಅಂತ ನಾನು ಆಣೆ ಮಾಡುವುದಿಲ್ಲ. ಆದರೆ ಸಕ್ಕರೆ ಏರಿರುವ, ಕಬ್ಬಿಣ ಸಾಕಷ್ಟಿರುವ ಹೆಂಗಸಿಗೆ ಅಳೆಯದೆ ಡಬಲ್ ಡೋಸ್ ಕೊಡುವುದಕ್ಕೆ ಯಾವ ತಜ್ಞರ ಸಮ್ಮತಿ ಇದೆ? ಅದನ್ನು ತೋರಿಸಿ, ಈ ಪತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ಮೊದಲ ಮಗಳು ಹುಟ್ಟಿದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. 4.2 ಕೆಜಿ ತೂಕ. ಸಿಸೇರಿಯನ್ ಆಯಿತು. ಹುಟ್ಟಿದ ಸ್ವಲ್ಪ ಹೊತ್ತಿಗೆ ಮಗುವಿನ ಸಕ್ಕರೆ ಕುಸಿದು ನಡುಕ ಶುರುವಾಯಿತು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನೋಡಲು ಬಂದವರು "ಎಷ್ಟು ದುಂಡಗಿದೆ ಕೂಸು, ದೃಷ್ಟಿ ತೆಗೀರಿ" ಅನ್ನುತ್ತಿದ್ದರು. ನನ್ನಮ್ಮ ಉಪ್ಪು ಮೆಣಸಿನಕಾಯಿ ನೀವಾಳಿಸಿದಳು. ನಾನು ಹೊಲಿಗೆ ಹಿಡಿದುಕೊಂಡು ಗೋಡೆ ಆನಿಕೊಂಡು ಎದೆಹಾಲು ಹಿಂಡಿ ಲೋಟದಲ್ಲಿ ಕಳಿಸುತ್ತಿದ್ದೆ. ಇದು ತಾಯಿಯ ಸಕ್ಕರೆಯಿಂದ ಆಗಿದ್ದು ಅಂತ ಮಕ್ಕಳ ಡಾಕ್ಟರು ಹೇಳಿದ ಮೇಲೇ ಗೊತ್ತಾಗಿದ್ದು. ಹೆರಿಗೆಯಾಗಿ ಆರು ವಾರಕ್ಕೆ ತಾಯಿಗೆ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಬೇಕು ಅಂತ ನಿಯಮವಿದೆ. ಯಾರೂ ಕರೆಯಲಿಲ್ಲ.

ಇದೇನು ಹೊಸ ವಿದ್ಯೆಯಾ? ಅದೂ ಅಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲೇ ಸುಮಾರು ಎಂಟುನೂರು ಬಸುರಿಯರಿಗೆ ಗ್ಲೂಕೋಸ್ ಪರೀಕ್ಷೆ ಮಾಡಿದ್ದರು. 6.2 ಶೇಕಡಾ ಜನರಲ್ಲಿ ಕಾಯಿಲೆ ಸಿಕ್ಕಿತು. ಅವರ ಮಕ್ಕಳನ್ನು ಬಿಡದೆ ನೋಡುತ್ತಾ ಬಂದರು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ಮಕ್ಕಳ ಮೈಕೊಬ್ಬು, ಇನ್ಸುಲಿನ್ ಮಟ್ಟ ಉಳಿದವರಿಗಿಂತ ಜಾಸ್ತಿ ಇತ್ತು. ಮೈಸೂರಿನಲ್ಲಿ ಅಷ್ಟು ಹಿಂದೆ ಆಗಿದ್ದು ನಮ್ಮ ಊರಿಗೆ ಇನ್ನೂ ಬಸ್ ಹತ್ತಿಲ್ಲ.

ಇನ್ನೊಂದು. ಮಾತೃಪೂರ್ಣ ಯೋಜನೆ ಒಳ್ಳೆಯದೇ, ಅಂಗನವಾಡಿಯ ಬಿಸಿಯೂಟ, ಮೊಟ್ಟೆ, ಹಾಲು ಎಷ್ಟೋ ಹೆಂಗಸರ ಹೊಟ್ಟೆ ತುಂಬಿಸಿದೆ. ಆದರೆ ಅನ್ನದ ಜೊತೆ ಬೆಲ್ಲದ ಚಿಕ್ಕಿಯನ್ನು ಯಾರ ಕೈಗೆ ಕೊಡುತ್ತಿದ್ದೇವೆ ಅಂತ ಗೊತ್ತಾಗಬೇಕಾದರೂ ಸಕ್ಕರೆ ಅಳೆಯಬೇಕಲ್ಲ? ಎಲ್ಲರದೂ 98 ಆದಾಗ ಎಲ್ಲರಿಗೂ ಚಿಕ್ಕಿ.

ನಾನು ಹೊಸ ಆಸ್ಪತ್ರೆ ಕೇಳುತ್ತಿಲ್ಲ. ಪ್ರತಿ ಆರೋಗ್ಯ ಕೇಂದ್ರಕ್ಕೂ ಗ್ಲೂಕೋಸ್ ಪ್ಯಾಕೆಟ್, ಸ್ಟ್ರಿಪ್, ಕೆಲಸ ಮಾಡುವ ಗ್ಲೂಕೋಮೀಟರ್ ತಪ್ಪದೆ ಕಳಿಸಿ. ಬಣ್ಣದ ಪಟ್ಟಿ ಬಿಸಾಕಿ, ಹಿಮೋಗ್ಲೋಬಿನ್ನನ್ನು ಯಂತ್ರದಲ್ಲಿ ನೋಡಿ. ಸಕ್ಕರೆ ಕಾಯಿಲೆ ಇರುವವರಿಗೆ ಡಬಲ್ ಡೋಸ್ ಬರೆಯುವ ಮುಂಚೆ, ಯಾರಿಗೇ ಆಗಲಿ ಐರನ್ ಡ್ರಿಪ್ ಹಾಕುವ ಮುಂಚೆ, ತಾಲ್ಲೂಕು ಆಸ್ಪತ್ರೆಯಲ್ಲಿ ಫೆರಿಟಿನ್ ಬಿಟ್ಟಿಯಾಗಿ ಮಾಡಿಸಿ. ಪರೀಕ್ಷೆ ಆಗದಿದ್ದರೆ "ಆಗಿಲ್ಲ" ಅಂತ ಬರೆಯಲು ಪೋರ್ಟಲ್‌ನಲ್ಲಿ ಜಾಗ ಕೊಡಿ, ಹಾಗೆ ಬರೆದ ಸಿಸ್ಟರನ್ನು ಬೈಯಬೇಡಿ. ಅಳೆಯಿರಿ ಸ್ವಾಮಿ. ಅಳೆದು ಬರೆಯಿರಿ, ಅಳೆದು ಕೊಡಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ಇರುತ್ತದೆ. ಬರುವ 9ಕ್ಕೆ ಯಾವುದಾದರೂ ಹಳ್ಳಿ ಕೇಂದ್ರಕ್ಕೆ ಹೇಳದೆ ಕೇಳದೆ ಹೋಗಿ. ಹಾರ ತುರಾಯಿ ಬೇಡ. ಬೆಂಚಿನ ಮೇಲೆ ಕೂತವರ ತಾಯಿ ಕಾರ್ಡ್ ಇಸಿದುಕೊಂಡು ಒಂದೇ ಒಂದು ಕಾಲಂ ನೋಡಿ. ಆಮೇಲೆ ನನ್ನ ದೂರು ವಿಲೇವಾರಿ ಆಗಿದೆಯೋ ಇಲ್ಲವೋ ನೀವೇ ತಿಳಿಸಿ.

ಇಂತಿ,
ಎರಡು ಮಕ್ಕಳ ತಾಯಿ, ಒಬ್ಬ ಅತಿಥಿ ಉಪನ್ಯಾಸಕಿ